ತುಂಬು ಎಂದು ಹುಡುಕಿದರೆ

ನಾನು ಹಾವೇರಿಯ ಒಂದು ಡಿಗ್ರಿ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ವರ್ಷಕ್ಕೊಮ್ಮೆ ಹೊಸ ವಿದ್ಯಾರ್ಥಿಗಳು ಬಂದಾಗ, ಲೇಖನಗಳ ಡೇಟಾಬೇಸಿನಲ್ಲಿ ಬೇಕಾದದ್ದನ್ನು ಹುಡುಕುವುದು ಹೇಗೆ ಎಂದು ಒಂದು ತಾಸು ಪಾಠ ಮಾಡುವುದು ನನ್ನ ಪಾಲಿಗೆ ಬಂದಿದೆ. ಆ ಒಂದು ತಾಸು ನನ್ನ ಜಂಬ ನೋಡಬೇಕು. ಡೇಟಾಬೇಸನ್ನು ಮನುಷ್ಯರನ್ನು ಕೇಳಿದ ಹಾಗೆ ಕೇಳಬೇಡಿ, ಅದಕ್ಕೆ ನಿಮ್ಮ ಕಷ್ಟ ಗೊತ್ತಾಗುವುದಿಲ್ಲ, ಪದ ಮಾತ್ರ ಗೊತ್ತಾಗುತ್ತದೆ ಎನ್ನುತ್ತೇನೆ. ಎರಡು ಪದಗಳ ನಡುವೆ ಆ್ಯಂಡ್ ಹಾಕಿದರೆ ಎರಡೂ ಇರುವ ಲೇಖನ ಮಾತ್ರ ಬರುತ್ತದೆ. ಆರ್ ಹಾಕಿದರೆ ಒಂದಿದ್ದರೂ ಬರುತ್ತದೆ. ನಾಟ್ ಹಾಕಿದರೆ ಆ ಪದ ಇರುವುದನ್ನೆಲ್ಲ ಕಿತ್ತು ಹೊರಗೆ ಎಸೆಯುತ್ತದೆ. ನಾಟ್ ಹಾಕುವಾಗ ಮಾತ್ರ ಹುಷಾರು ಎಂದು ಬೆರಳೆತ್ತಿ ಹೇಳುತ್ತೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಆ ಮಾತು ನನ್ನನ್ನು ನೋಡಿಯೇ ಹುಟ್ಟಿರಬೇಕು.

ನಾವು ಇರುವುದು ಬ್ಯಾಡಗಿಯಲ್ಲಿ, ನಾನು ಮತ್ತು ಅವ್ವ ಇಬ್ಬರೇ. ನಾನು ದಿನಾ ಮೋಟೆಬೆನ್ನೂರಿನ ಮೂಲಕ ಹಾವೇರಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅವ್ವ ನಾನು ಹುಟ್ಟುವುದಕ್ಕಿಂತ ಮೊದಲಿನಿಂದ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ತುಂಬು ಬಿಡಿಸುತ್ತಾಳೆ. ಒಣಗಿದ ಕಾಯಿಯ ತೊಟ್ಟಿಗೆ ನಮ್ಮಲ್ಲಿ ತುಂಬು ಎನ್ನುತ್ತಾರೆ. ಹೆಂಗಸರೆಲ್ಲ ಕಾಯಿಯ ರಾಶಿಯ ಸುತ್ತ ಕುಳಿತು, ಮೂಗಿಗೆ ಸೆರಗು ಸುತ್ತಿಕೊಂಡು, ಒಂದೊಂದೇ ಕಾಯಿಯ ತೊಟ್ಟು ಮುರಿದು ಕಾಯಿಯನ್ನು ಒಂದು ಕಡೆ, ತೊಟ್ಟನ್ನು ಒಂದು ಕಡೆ ಹಾಕುತ್ತಾರೆ. ಹೊಸಬರು ಆ ವಖಾರದ ಬಾಗಿಲಲ್ಲಿ ನಿಂತರೆ ಸಾಕು, ಘಾಟು ಹತ್ತಿ ಸೀನಿ ಸೀನಿ ಓಡಿ ಹೋಗುತ್ತಾರೆ. ಅವ್ವ ಅಂಥವರನ್ನು ನೋಡಿ ನಗುತ್ತಿದ್ದಳು. ಅವಳ ಬೆರಳ ತುದಿಗಳು ವರ್ಷದ ಆರು ತಿಂಗಳು ಕೆಂಪಗೇ ಇರುತ್ತವೆ.

ಸಂಕ್ರಾಂತಿ ಆದ ಮೇಲೆ ಹಿಡಿದ ಕೆಮ್ಮು ಶಿವರಾತ್ರಿ ದಾಟಿದರೂ ಅವಳನ್ನು ಬಿಡಲಿಲ್ಲ. ರೊಟ್ಟಿ ಬಡಿಯುವಾಗ ಕೆಮ್ಮು, ಮಾತಾಡುವಾಗ ಕೆಮ್ಮು, ನಗಲು ಹೋದರೂ ಕೆಮ್ಮು. ರಾಣೆಬೆನ್ನೂರಿನ ಒಬ್ಬ ಎದೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಮನುಷ್ಯ, ಆದರೆ ಹೊರಗೆ ಜನ ಸಂತೆಯಂತೆ ಕುಳಿತಿರುತ್ತಾರೆ. ಕಫ ಪರೀಕ್ಷೆ ಮಾಡಿಸಿದರು, ಏನೂ ಇಲ್ಲ. ಎಕ್ಸ್‌ರೇ ತೆಗೆಸಿದರು, ಅದರಲ್ಲೂ ಏನೂ ಇಲ್ಲ. ಒಲೆ ಉರಿಸುತ್ತೀರಾ ಎಂದು ಕೇಳಿದರು, ಇಲ್ಲ, ಗ್ಯಾಸ್ ಇದೆ ಎಂದೆವು. ಪಿತ್ತ ಮೇಲೆ ಬಂದು ಗಂಟಲು ಕೆರೆಯುತ್ತಿರಬಹುದು ಎಂದು ಮಾತ್ರೆ ಕೊಟ್ಟರು. ಎರಡನೇ ಸಲ ಹೋದಾಗಲೂ ಕೆಮ್ಮು ಹಾಗೇ ಇತ್ತು. ಇನ್ನು ಹತ್ತು ದಿನ ನೋಡೋಣ, ಕಡಿಮೆ ಆಗದಿದ್ದರೆ ಹುಬ್ಬಳ್ಳಿಗೆ ಬರೆದುಕೊಡುತ್ತೇನೆ, ಅಲ್ಲಿ ಗಂಟಲಿನೊಳಗೆ ನಳಿಕೆ ಬಿಟ್ಟು ಎದೆಯನ್ನು ನೋಡುತ್ತಾರೆ ಎಂದರು. ಅವ್ವನ ಮುಖ ಅಲ್ಲೇ ಬಿಳಿಚಿತು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ನಿಂತಳು.

"ಸತ್ರ ಸಾಯ್ತೀನಿ, ಆ ನಳಿಕಿ ಒಂದು ಬ್ಯಾಡವಾ."

ಇದು ಕಾಯಿಯಿಂದಲೇ ಬಂದದ್ದು ಎಂದು ನನಗೆ ಆವಾಗಲೇ ಅನುಮಾನ. ಅವ್ವನಿಗೆ ಹೇಳಿದರೆ ತಲೆ ಕೊಡವಿದಳು. ಕಾಯಿಯಿಂದ ಕೆಮ್ಮು ಬರುವುದಿದ್ದರೆ ಅರ್ಧ ಬ್ಯಾಡಗಿ ಇಷ್ಟರಲ್ಲಿ ಹಾಸಿಗೆ ಹಿಡಿಯಬೇಕಿತ್ತು ಎಂದಳು. ಡಾಕ್ಟರರ ಮುಂದೆ ನಾನು ಮೊಬೈಲ್ ತೆಗೆದು, ಎಲ್ಲೋ ಓದಿದ ಯಾವುದೋ ಮಾತು ಎತ್ತಲು ಹೋಗಿದ್ದೆ. ಕಾಯಿಯ ಹೆಸರು ನನ್ನ ಬಾಯಿಗೆ ಬರುವ ಮೊದಲೇ ಅವರು ತಡೆದು, ಮೊಬೈಲಿನಲ್ಲಿ ಎಲ್ಲರೂ ಡಾಕ್ಟರರೇ, ಸರಿಯಾದ ವೈದ್ಯಕೀಯ ಲೇಖನ ಇದ್ದರೆ ತನ್ನಿ, ಓದುತ್ತೇನೆ ಎಂದಿದ್ದರು. ಅವರು ತಮಾಷೆಗೆ ಹೇಳಿದರೋ ಏನೋ, ನನಗೆ ಮಾತ್ರ ಅದು ಸವಾಲಿನ ಹಾಗೆ ಕೇಳಿಸಿತು. ಹುಡುಕುವುದೇ ನನ್ನ ಕಸುಬು. ಹತ್ತು ದಿನ ಯಾಕೆ, ಹತ್ತು ನಿಮಿಷ ಸಾಕು ಎಂದುಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ.

ಮರುದಿನ ಕಾಲೇಜಿಗೆ ಹೋದವಳೇ ಕಂಪ್ಯೂಟರ್ ಮುಂದೆ ಕುಳಿತೆ. ಮೊದಲು ಕನ್ನಡ ಪತ್ರಿಕೆಗಳ ಹಳೆಯ ಸಂಚಿಕೆಗಳಿರುವ ಸಂಗ್ರಹ ತೆರೆದು, ತುಂಬು ಎಂದು ಹೊಡೆದೆ. ತುಂಬು ಗರ್ಭಿಣಿಯರು ಸಾಲಾಗಿ ಬಂದರು. ತುಂಬು ಹೃದಯದ ಸ್ವಾಗತ ಕೋರಿದವರು ಬಂದರು. ತುಂಬು ಜೀವನ ನಡೆಸಿ ತೀರಿಕೊಂಡವರು ಬಂದರು. ಕೊನೆಕೊನೆಗೆ ಕೆರೆ ತುಂಬುವ ಯೋಜನೆಯ ಸುದ್ದಿಗಳು ಬಂದವು. ನಮ್ಮ ಊರಿನ ಸಾವಿರಾರು ಹೆಂಗಸರ ಬೆರಳಲ್ಲಿ ಮುರಿಯುವ ತುಂಬು ಮಾತ್ರ ಅಲ್ಲಿ ಎಲ್ಲೂ ಕಾಣಲಿಲ್ಲ. ನನಗೆ ನಗುವೂ ಬಂತು, ಸಿಟ್ಟೂ ಬಂತು.

ಇರಲಿ, ಡಾಕ್ಟರರಿಗೆ ಬೇಕಾದದ್ದು ವೈದ್ಯಕೀಯ ಲೇಖನ ಎಂದು ಇಂಗ್ಲಿಷ್ ಡೇಟಾಬೇಸಿಗೆ ಹೋದೆ. ತೊಟ್ಟಿಗೆ ಸ್ಟೆಮ್ ಎಂದು ಕೊಟ್ಟೆ. ಸ್ಟೆಮ್ ಸೆಲ್ ಮೇಲಿನ ಲೇಖನಗಳು ಮುಗಿಯುವ ಹಾಗೇ ಕಾಣಲಿಲ್ಲ. ಸ್ಟೆಮ್ ಬಿಟ್ಟು ಚಿಲ್ಲಿ ಎಂದು ಹಾಕಿದೆ. ಆ ಒಂದು ಪದವನ್ನು ಅವರು ನಾಲ್ಕು ರೀತಿ ಬರೆಯುತ್ತಾರೆ, ಒಂದು ರೀತಿ ಬರೆದರೆ ಅದು ದೇಶದ ಹೆಸರಾಗುತ್ತದೆ. ಹುಡುಗರಿಗೆ ನಾನೇ ಕಲಿಸುವ ಉಪಾಯವೊಂದಿದೆ. ಪದದ ಮೊದಲ ಕೆಲವು ಅಕ್ಷರ ಬರೆದು ಮುಂದೆ ನಕ್ಷತ್ರದ ಗುರುತು ಹಾಕಿದರೆ, ಆ ಅಕ್ಷರಗಳಿಂದ ಶುರುವಾಗುವ ಪದಗಳೆಲ್ಲ ಬರುತ್ತವೆ. ಹಾಗೆಯೇ ಚಿಲ್ ಎಂದು ಬರೆದು ನಕ್ಷತ್ರ ಹಾಕಿ, ಕೆಮ್ಮಿನ ಜೊತೆ ಆ್ಯಂಡ್ ಕೊಟ್ಟೆ. ಬಂದದ್ದೆಲ್ಲ ಚಿಲ್ಡ್ರನ್. ಲೋಕದ ಮಕ್ಕಳ ಕೆಮ್ಮೆಲ್ಲ ನನ್ನ ಮುಂದೆ ಬಂದು ನಿಂತಿತು, ನನ್ನ ಅವ್ವನ ಕೆಮ್ಮೊಂದೇ ಇರಲಿಲ್ಲ.

ಆ ವಾರವಿಡೀ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿನಲ್ಲಿ ಮೊಬೈಲ್ ಹಿಡಿದು ಹುಡುಕುತ್ತಿದ್ದೆ. ನೆಟ್‌ವರ್ಕ್ ಹೋದ ಕಡೆ ಕಾಲು ಅಲುಗಾಡಿಸುತ್ತ ಕಿಟಕಿಯ ಹೊರಗೆ ನೋಡುತ್ತಿದ್ದೆ, ಪಕ್ಕದವರು ಕಾಲು ನೋಯುತ್ತದೇನು ಎಂದು ಕೇಳುವವರೆಗೆ. ಒಂದು ದಿನ ಇಳಿಯುವ ಸ್ಟಾಪು ಬಿಟ್ಟು ಮುಂದೆ ಹೋಗಿ ನಡೆದು ಬಂದೆ. ಪುಸ್ತಕ ಕೇಳಲು ಬಂದ ಹುಡುಗಿಯೊಬ್ಬಳನ್ನು ಕಾರಣವಿಲ್ಲದೆ ಗದರಿಸಿದೆ, ಅವಳು ಪುಸ್ತಕ ಬಿಟ್ಟೇ ಹೋದಳು. ಟೇಬಲ್ ಮೇಲಿನ ಚಹಾ ತಣ್ಣಗಾಗಿ ಕೆನೆಗಟ್ಟುತ್ತಿತ್ತು. ದಿನಗಳನ್ನು ಎಣಿಸುತ್ತಿದ್ದೆ, ಒಂಬತ್ತು, ಎಂಟು, ಏಳು.

ಅವ್ವನ ಕೆಲಸಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬಲ್ಲಿ ಒಂದು ಇಡೀ ಮಧ್ಯಾಹ್ನ ಸಿಕ್ಕಿಹಾಕಿಕೊಂಡೆ. ಕಾರ್ಮಿಕ ಎಂದರೆ ಕಾರ್ಖಾನೆಯವರು ಬರುತ್ತಿದ್ದರು. ರೈತ ಎಂದರೆ ಹೊಲದವರು ಬರುತ್ತಿದ್ದರು. ಅವ್ವ ಎರಡೂ ಅಲ್ಲ. ಒಂದು ಹಾಳೆಯ ಮೇಲೆ ಅವಳಿಗೆ ಹೊಂದುವ ಪದಗಳನ್ನೆಲ್ಲ ಬರೆದು ನಡುನಡುವೆ ಆರ್ ಹಾಕುತ್ತ ಹೋದೆ. ಆಗ ಪ್ರೈಮರಿ ಸಾಲೆಯ ಒಂದು ಫಾರ್ಮು ನೆನಪಾಯಿತು. ನನ್ನ ಯೂನಿಫಾರ್ಮಿನಿಂದ ಘಾಟು ಬರುತ್ತದೆ ಎಂದು ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದ ವರ್ಷ ಅದು. ಫಾರ್ಮಿನಲ್ಲಿ ತಾಯಿಯ ಉದ್ಯೋಗ ಎಂದು ಒಂದು ಗೆರೆ ಇತ್ತು. ಪಕ್ಕದವಳು ಗೃಹಿಣಿ ಎಂದು ಬರೆದದ್ದನ್ನು ನೋಡಿ ನಾನೂ ಅದನ್ನೇ ಬರೆದೆ. ಮನೆಗೆ ತಂದು ಅವ್ವನ ಹೆಬ್ಬೆಟ್ಟು ಒತ್ತಿಸುವಾಗ ಅವಳು ಆ ಗೆರೆಯ ಮೇಲೆ ಬೆರಳಿಟ್ಟು, ಇಲ್ಲೇನು ಬರೆದಿದ್ದೀಯ ಎಂದು ಕೇಳಿದಳು. ಓದಿ ಹೇಳಿದೆ. ಹಾಗೆಂದರೇನು ಎಂದಳು. ಮನೆಯ ಒಡತಿ ಎಂದೆ. ಅವಳು ನಕ್ಕು, ಚಲೋ ಆತು ಬಿಡು, ಒಡತಿನೂ ಆದೆ ಎಂದು ಹೆಬ್ಬೆಟ್ಟು ಒತ್ತಿದಳು. ಅಲ್ಲಿಂದ ಮುಂದೆ ಎಲ್ಲ ಫಾರ್ಮುಗಳಲ್ಲಿ ಅದೇ ಪದ ನನ್ನ ಕೈಯಿಂದ ತಾನಾಗಿ ಬೀಳುತ್ತಿತ್ತು.

ಕೊನೆಗೆ ಬುದ್ಧಿ ಉಪಯೋಗಿಸಿದೆ ಎಂದುಕೊಂಡು ಒಂದು ಉದ್ದನೆಯ ಹುಡುಕಾಟದ ಸಾಲು ಕಟ್ಟಿದೆ. ಚಿಲ್ಲಿ ಎಂಬುದನ್ನು ನಾಲ್ಕೂ ರೀತಿ ಬರೆದು ನಡುವೆ ಆರ್. ಅದಕ್ಕೆ ಆ್ಯಂಡ್ ಹಾಕಿ ಕೆಮ್ಮು, ಉಬ್ಬಸ, ಉಸಿರು. ಮತ್ತೆ ಆ್ಯಂಡ್ ಹಾಕಿ ಕೆಲಸಗಾರರು, ಹೆಂಗಸರು, ಧೂಳು. ಒಂದಿಷ್ಟು ಲೇಖನಗಳು ಬಂದವು. ಕಣ್ಣಾಡಿಸಿದರೆ ಒಂದೊಂದರಲ್ಲೂ ಕ್ಯಾಪ್ಸಿಕಂ, ಕ್ಯಾಪ್ಸಿಕಂ. ನನ್ನ ಮೈ ಉರಿಯಿತು. ಕ್ಯಾಪ್ಸಿಕಂ ಎಂದರೆ ದೊಣ್ಣೆ ಮೆಣಸಿನಕಾಯಿ. ಹೋಟೆಲಿನ ನೂಡಲ್ಸಿನಲ್ಲಿ ಹಾಕುವ, ಖಾರವೂ ಇಲ್ಲದ ಬಣ್ಣವೂ ಬಿಡದ ಹಸಿರು ಬುರುಡೆ. ಬ್ಯಾಡಗಿಯವರ ಮುಂದೆ ಅದನ್ನು ಮೆಣಸಿನಕಾಯಿ ಎಂದು ಕರೆದು ನೋಡಿ, ನಿಮ್ಮನ್ನು ಕೂರಿಸಿ ಬುದ್ಧಿ ಹೇಳುತ್ತಾರೆ. ನಾನೂ ಅದೇ ಊರಿನವಳು. ಸಾಲಿನ ಕೊನೆಗೆ ನಾಟ್ ಕ್ಯಾಪ್ಸಿಕಂ ಎಂದು ಸೇರಿಸಿ ಎಂಟರ್ ಒತ್ತಿದೆ.

ಸೊನ್ನೆ ಬಂತು. ಒಂದು ಲೇಖನವೂ ಇಲ್ಲ.

ಆ ಸೊನ್ನೆಯನ್ನು ನಾನು ನಂಬಿದೆ. ಅದೇ ನನ್ನ ದೊಡ್ಡ ತಪ್ಪು. ಇಷ್ಟು ಚೆನ್ನಾಗಿ ಕೇಳಿದ ಮೇಲೂ ಏನೂ ಇಲ್ಲ ಎಂದರೆ, ಕಾಯಿಗೂ ಕೆಮ್ಮಿಗೂ ಸಂಬಂಧವೇ ಇಲ್ಲ, ಅವ್ವ ಹೇಳಿದ್ದೇ ಸರಿ ಎಂದುಕೊಂಡೆ. ಹಾಗಾದರೆ ಒಳಗೆ ಬೇರೆ ಏನೋ ಇದೆ ಎಂಬ ಹೆದರಿಕೆ ಹುಟ್ಟಿತು. ಅವತ್ತು ಸಂಜೆ ಮನೆಗೆ ಬಂದು, ಹುಬ್ಬಳ್ಳಿಗೆ ಹೋಗಲು ತಯಾರಾಗು ಎಂದು ಅವ್ವನಿಗೆ ಹೇಳಿದೆ. ಮುಂದಿನ ಮೂರು ದಿನ ಅವಳು ನನ್ನ ಜೊತೆ ಎಷ್ಟು ಬೇಕೋ ಅಷ್ಟು ಮಾತ್ರ ಮಾತಾಡಿದಳು.

ಭಾನುವಾರ ಮನೆಯಲ್ಲಿ ಕೂರಲಾರದೆ ಅವಳಿಗೆ ಬುತ್ತಿ ತೆಗೆದುಕೊಂಡು ವಖಾರಕ್ಕೆ ಹೋದೆ. ಎಷ್ಟೋ ವರ್ಷದ ಮೇಲೆ ಅವಳ ಪಕ್ಕದಲ್ಲಿ ಕುಳಿತು ನಾನೂ ಕಾಯಿಗೆ ಕೈ ಹಾಕಿದೆ. ಸುಮ್ಮನೆ ಕೂರುವುದಕ್ಕಿಂತ ಅದು ವಾಸಿ ಎನಿಸಿತು. ನನ್ನ ಕೈಗೆ ಯಾವಾಗಲೂ ಅವಸರ. ತೊಟ್ಟಿನ ಜೊತೆ ಕಾಯಿಯ ತಲೆಯೂ ಮುರಿದು ಬಂತು, ಬೀಜವೆಲ್ಲ ಸುರಿದು ಮಡಿಲಿಗೆ ಬಿತ್ತು. ಅವ್ವ ನನ್ನ ಕೈ ಮೇಲೆ ಮೆಲ್ಲಗೆ ಹೊಡೆದಳು.

"ತುಂಬಷ್ಟ ಹಿಡಿ, ತಲಿ ಹಿಡೀಬ್ಯಾಡ. ತಲಿ ಕಿತ್ರ ಒಳಗಿನ ಬೀಜ ಎಲ್ಲಾ ಹೋಗ್ತಾವ."

ಚಿಕ್ಕವಳಿದ್ದಾಗಲೂ ಇದೇ ಮಾತು, ಇದೇ ಏಟು. ಅಷ್ಟು ಹೇಳಿದ್ದಕ್ಕೇ ಅವಳಿಗೆ ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದಳು. ಪಕ್ಕದ ಹೆಂಗಸರು ತಲೆ ಎತ್ತಲಿಲ್ಲ. ಕೆಮ್ಮು ನಿಂತ ಮೇಲೆ ಅವಳ ಕೈ ತಾನಾಗಿ ಇನ್ನೊಂದು ಕಾಯಿ ಎತ್ತಿಕೊಂಡಿತು. ನನಗೆ ಅಲ್ಲಿ ಇರಲಾಗದೆ ಎದ್ದು ಬಂದೆ.

ಸೋಮವಾರ ಕಾಲೇಜಿನಲ್ಲಿ ನನ್ನ ಸ್ಕ್ರೀನಿನ ಮೇಲೆ ಆ ಸೊನ್ನೆಯ ಪುಟ ಇನ್ನೂ ತೆರೆದೇ ಇತ್ತು. ಸಸ್ಯಶಾಸ್ತ್ರ ಕಲಿಸುವ ಮೇಡಮ್ಮು ಪತ್ರಿಕೆ ಓದಲು ಬಂದವರು ನನ್ನ ಹಿಂದೆ ನಿಂತು, ನಾನು ಕಟ್ಟಿದ ಸಾಲನ್ನು ಓದಿದರು. ರಾಣೆಬೆನ್ನೂರು ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಮೊದಲು ಅವರಿಗೆ ನಗು ತಡೆಯಲಾಗಲಿಲ್ಲ.

"ಅಲ್ರೀ, ನಿಮ್ಮ ಬ್ಯಾಡಗಿ ಕಾಯಿ ಹೆಸರ ಕ್ಯಾಪ್ಸಿಕಂ ಐತಿ. ಎಲ್ಲಾ ಮೆಣಸಿನಕಾಯಿ ಕುಲದ ಹೆಸರೂ ಅದೇ. ನೀವು ಕಾಯಿನ ಹೊರಗ ಹಾಕಿ ಕಾಯಿ ಹುಡುಕಾಕತ್ತೀರಿ."

ಶಾಸ್ತ್ರದವರಿಗೆ ದೊಣ್ಣೆ ಮೆಣಸಿನಕಾಯಿಯೂ ಒಂದೇ, ನಮ್ಮ ನೆರಿಗೆ ನೆರಿಗೆಯ ಬ್ಯಾಡಗಿಯೂ ಒಂದೇ, ಎರಡಕ್ಕೂ ಮನೆತನದ ಹೆಸರು ಕ್ಯಾಪ್ಸಿಕಂ ಎಂದು ಬಿಡಿಸಿ ಹೇಳಿದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಊರಿನ ಜಂಬಕ್ಕೆ ಬಿದ್ದು ನಾನು ತುಂಬು ತೆಗೆಯಲು ಹೋಗಿ ತಲೆಯನ್ನೇ ಕಿತ್ತಿದ್ದೆ. ಅವ್ವ ಹಿಂದಿನ ದಿನ ತಾನೇ ಕೈ ಮೇಲೆ ಹೊಡೆದು ಹೇಳಿದ್ದಳು, ಆದರೂ ನನಗೆ ತಿಳಿದಿರಲಿಲ್ಲ. ನಾಟ್ ಅಳಿಸಿ, ಅದೇ ಕ್ಯಾಪ್ಸಿಕಂ ಅನ್ನು ಚಿಲ್ಲಿಯ ಸಾಲಿಗೆ ಆರ್ ಹಾಕಿ ಸೇರಿಸಿದೆ. ಮತ್ತೆ ಎಂಟರ್ ಒತ್ತಿದೆ.

ಬಂದವು. ಬಹಳ ಅಲ್ಲ. ಆದರೆ ಧೂಳು, ಕೆಲಸ, ಕೆಮ್ಮು ಮೂರೂ ಒಂದೇ ಶೀರ್ಷಿಕೆಯಲ್ಲಿರುವಂಥವು ಕೆಲವು ಬಂದವು. ಕಾಯಿಯನ್ನು ಕುಟ್ಟುವ, ಪುಡಿ ಮಾಡುವ, ಚೀಲ ತುಂಬುವ ಜನರ ಎದೆಯನ್ನು ಯಾರೋ ಎಲ್ಲೋ ಕಿವಿಗೊಟ್ಟು ಕೇಳಿದ್ದರು. ತೊಟ್ಟು ಮುರಿಯುವ ಹೆಂಗಸರ ಬಗ್ಗೆ ಅಲ್ಲೂ ಏನೂ ಇರಲಿಲ್ಲ. ಆದರೂ ಓದುತ್ತ ಓದುತ್ತ ನನಗೆ ಅಳು ಬಂತು. ಅವ್ವನಂಥ ಕೆಮ್ಮು ಬೇರೆಯವರಿಗೂ ಇದೆ ಎಂಬುದು ಅಷ್ಟು ಸಮಾಧಾನ ಕೊಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೇಡಮ್ಮು ಏನೂ ಕೇಳದೆ ಪ್ರಿಂಟರಿಗೆ ಕಾಗದ ಹಾಕಿಕೊಟ್ಟರು.

ಹತ್ತನೇ ದಿನ ಬೆಳಿಗ್ಗೆ ರಾಣೆಬೆನ್ನೂರಿಗೆ ಹೋದೆವು. ಕಾಗದಗಳನ್ನು ನಾನು ಎದೆಗೆ ಅವಚಿಕೊಂಡು ಹಿಡಿದಿದ್ದೆ, ಯಾರೋ ಕಸಿದುಕೊಳ್ಳುವವರಿದ್ದಾರೆ ಎಂಬ ಹಾಗೆ. ನಮ್ಮ ನಂಬರ್ ಬರುವವರೆಗೆ ನಾಲ್ಕು ಸಲ ಎದ್ದು ಬಾಗಿಲಿನ ತನಕ ಹೋಗಿ ಬಂದೆ. ಅವ್ವ ನನ್ನ ಸೆರಗು ಹಿಡಿದು ಕೂರಿಸಿದಳು. ಒಳಗೆ ಹೋದ ಮೇಲೆ ಎಲ್ಲವನ್ನೂ ಡಾಕ್ಟರರ ಮುಂದಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ ಮೊದಲ ಪುಟ ಓದಿದರು, ಎರಡನೆಯದನ್ನು ತಿರುವಿದರು, ಆಮೇಲೆ ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದರು.

"ಚಲೋ ಐತಿ. ಆದ್ರ ಇದನ್ನ ಯಾಕ ತಂದ್ರಿ? ನಿಮ್ಮ ಮನ್ಯಾಗ ಕಾಯಿ ಕೆಲಸ ಯಾರು ಮಾಡ್ತಾರ?"

ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬ್ಯಾಡಗಿಯಿಂದ ಬಂದ, ಬೆರಳ ತುದಿ ಕೆಂಪಗಿರುವ ಹೆಂಗಸು ಏನು ಕೆಲಸ ಮಾಡುತ್ತಾಳೆ ಎಂದು ಬಾಯಿ ಬಿಟ್ಟು ಹೇಳಬೇಕೇ? ನಮ್ಮ ಅವ್ವ ರೀ ಎಂದೆ. ಅವರು ಅವ್ವನ ಫೈಲು ತೆಗೆದು, ಮೊದಲ ದಿನ ಕೌಂಟರಿನಲ್ಲಿ ತುಂಬಿಕೊಟ್ಟ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಹೆಸರು, ವಯಸ್ಸು, ಊರು. ಅದರ ಕೆಳಗೆ ಉದ್ಯೋಗ ಎಂಬಲ್ಲಿ ದುಂಡು ದುಂಡಗೆ ನನ್ನದೇ ಅಕ್ಷರದಲ್ಲಿ ಗೃಹಿಣಿ ಎಂದಿತ್ತು. ಬರೆದದ್ದು ಕೂಡ ನನಗೆ ನೆನಪಿರಲಿಲ್ಲ.

ಡಾಕ್ಟರರು ಸಿಟ್ಟಾಗಲಿಲ್ಲ. ಮನೆಯಲ್ಲಿರುವ ಹೆಂಗಸು ಎಂದು ತಿಳಿದು ಒಲೆಯ ಹೊಗೆ ಕೇಳಿದೆ, ಪಿತ್ತ ನೋಡಿದೆ, ನನಗೆ ಸಿಕ್ಕ ಪದದ ಮೇಲೆ ನಾನು ಹುಡುಕಿದೆ ಎಂದರು. ಹುಬ್ಬಳ್ಳಿಯ ಮಾತು ಸದ್ಯಕ್ಕೆ ಬೇಡ, ಇವತ್ತು ಇಲ್ಲೇ ಉಸಿರು ಅಳೆಯಲು ಒಂದು ಊದುವ ಪರೀಕ್ಷೆ ಮಾಡೋಣ, ಒಂದು ತಿಂಗಳು ಕಾಯಿಯ ಹತ್ತಿರ ಹೋಗುವುದು ಬೇಡ, ಆಮೇಲೆ ನೋಡೋಣ ಎಂದರು. ನಂತರ ಅವ್ವನ ಕಡೆ ತಿರುಗಿ, ಮೊದಲ ದಿನ ಮಗಳು ದುಡ್ಡು ಕಟ್ಟಲು ಹೊರಗೆ ಹೋಗಿದ್ದಾಗ, ಮನೆಯಲ್ಲೇ ಇರುತ್ತೀರೇನು ಎಂದು ನಾನು ಕೇಳಿದ್ದಕ್ಕೆ ನೀವು ಹೌದು ಎಂದಿರಲ್ಲ, ಯಾಕೆ ಎಂದು ಕೇಳಿದರು.

ಅವ್ವ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

"ನನ್ನ ಮಗಳು ಬರದಿದ್ಲರಿ. ಸಣ್ಣಾಕಿ ಇದ್ದಾಗಿಂದ ಹಂಗ ಬರೀತಾಳ. ಸಾಲಿ ಕಲತಾಕಿ. ಆಕಿ ಬರದದ್ದು ಸುಳ್ಳು ಅಂತ ನಿಮ್ಮ ಮುಂದ ನಾ ಹೆಂಗ ಹೇಳ್ಲಿ?"

ನಾನು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡೆ. ಗೃಹಿಣಿ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ಬರೆದೆ. ಅವ್ವ ಬಗ್ಗಿ, ಆ ಗೆರೆಯ ಮೇಲೆ ಕೆಂಪು ಬೆರಳಿಟ್ಟು, ಏನು ಬರೆದೆ ಎಂದು ಕೇಳಿದಳು. ಮೆಣಸಿನಕಾಯಿ ತುಂಬು ಬಿಡಿಸುವುದು ಎಂದು ಓದಿ ಹೇಳಿದೆ. ಅವಳು ತಲೆ ಆಡಿಸಿದಳು, ಆದರೆ ಬೆರಳು ತೆಗೆಯಲಿಲ್ಲ.

"ಎಷ್ಟ ವರ್ಷ ಅಂತನೂ ಬರಿ," ಎಂದಳು.